ಯಂತ್ರ ಸಂಖ್ಯೆ

ಬಾ ಯೋಗೀಶ, ಒಳಗೆ ಬಾ.
ಸಿತ್ರಾದ ಈ ತಗಡಿನ ಗೋಡೌನಿನಲ್ಲಿ
ಬೆಳಗಿನ ಐದಕ್ಕೇ ಬೆವರು. ಇರಲಿ.
ಇವು ನಮ್ಮ ಯಂತ್ರಗಳು. ಮುಟ್ಟಬೇಡ, ಮೊದಲು ನೋಡು.

ಮೂಲೆಯಲ್ಲಿ ಕೂತದ್ದು ಕರೆಂಟಿನದು, ನೂರಿಪ್ಪತ್ತು ಬಾರ್.
ಬಾರ್ ಅಂದರೆ ಒತ್ತಡ ಮಾರಾಯ, ನಗಬೇಡ.
ಕಾರು, ಕಿಟಕಿ, ವಿಲ್ಲಾದ ಅಂಗಳಕ್ಕೆ ಅದು ಸಾಕು,
ಮಲಗಿದ ಮಗು ಏಳದಷ್ಟು ಸಣ್ಣ ದನಿ.
ಪೆಟ್ರೋಲಿನದು ಒರಟ. ಪ್ಲಗ್ಗು ಸಿಗದ ಕಡೆ,
ದಡಕ್ಕೆಳೆದ ದೋಣಿಯಡಿಯ ಚಿಪ್ಪು ಕೆರೆಯಲು
ಅವನನ್ನೇ ಕರೆಯಬೇಕು, ಅರಚಾಟ ಸಹಿಸಬೇಕು.
ಆ ದಪ್ಪನೆಯದರ ಹೊಟ್ಟೆಯಲ್ಲಿ ಡೀಸೆಲ್ ಒಲೆ.
ಹೋಟೆಲಿನ ಹಿಂಬದಿಯ ಹತ್ತು ವರ್ಷದ ಜಿಡ್ಡಿಗೆ
ಜೋರು ಸಾಲದು, ಬಿಸಿ ಬೇಕು;
ಬಂಗುಡೆ ಹುರಿದ ಬಾಣಲೆ ತೊಳೆದವನಿಗೆ
ನಾನು ಹೇಳುವುದೇನಿದೆ?

ಒತ್ತಡ ಕೊಳೆಯನ್ನು ಬಿಡಿಸುತ್ತದೆ, ಹೊತ್ತೊಯ್ಯುವುದು ನೀರು.
ನಿಮಿಷಕ್ಕೆಷ್ಟು ಲೀಟರು ಎಂದು ಕೇಳದೆ
ಬರೀ ಬಾರ್ ಕೇಳುವವನು
ಗಾಳಿ ನೋಡಿ ಬಲೆ ಬಿಟ್ಟು
ಸೆಳೆತ ಮರೆತವನು.

ಇನ್ನೊಂದು. ಜುಲೈಯಲ್ಲಿ ತಾರಸಿಯ ಟ್ಯಾಂಕಿನ ನೀರು ನೇರ ಕೊಡಬೇಡ,
ಬಚ್ಚಲ ಹಂಡೆಗೆ ಸಮ ಅದು.
ತಣ್ಣೀರಿನ ಪಂಪು ಕುಡಿದು
ರಬ್ಬರಿನ ಗಂಟಲು ಸುಟ್ಟುಕೊಳ್ಳುತ್ತದೆ.
ಕಳೆದ ವರ್ಷ ಎರಡು ಸತ್ತವು.
ಒಂದರ ನಲವತ್ತು ದಿನಾರು ನನ್ನ ಸಂಬಳದಲ್ಲಿ ಹೋಯಿತು.

ಮೂತಿಗಳನ್ನು ಬಣ್ಣದಿಂದ ಗುರುತಿಡು.
ಬಿಳಿ ಬೀಸಣಿಗೆಯ ಹಾಗೆ ಅಗಲ. ಕಪ್ಪು ಸೋಪಿನದು.
ಹಸಿರು, ಹಳದಿ ಕೈಗೆ ತಾವೇ ಅರ್ಥವಾಗುತ್ತವೆ.
ಕೆಂಪು ಸೂಜಿ.
ನೋಡು ನನ್ನ ಕಾಲು. ಬೂಟು ಹಾಕಿದ್ದೆ.
ನೀರು ಮಾರಾಯ, ಬರೀ ನೀರು.

ಇಷ್ಟೆಲ್ಲ ಬಲ್ಲ ನಾನೇ ಒಮ್ಮೆ
ಮುಹರಕ್ಕಿನ ಓಣಿಗೆ ಆ ಒರಟನನ್ನು ಎಳೆದುಕೊಂಡು ಹೋದೆ.
ಗೋಡೆ ತೊಳೆಯಬೇಕು ಎಂದಿದ್ದರು,
ಯಾವ ಗೋಡೆ ಎಂದು ನಾನು ಕೇಳಲಿಲ್ಲ.
ಹವಳದ ಕಲ್ಲಿನದು. ಯಾರದೋ ಮುತ್ತಾತ
ಕಡಲಿಂದ ಕಿತ್ತು ತಂದು ಗಾರೆ ಮೆತ್ತಿ ನಿಲ್ಲಿಸಿದ್ದು.
ಗುಂಡಿ ಒತ್ತಿದೆ.
ಕೊಳೆ ಹೋಯಿತು. ಗಾರೆಯೂ ಹೋಯಿತು.
ಹರಿದ ಚೀಲದಿಂದ ಬಿದ್ದ ಹಾಗೆ
ಗೋಡೆಯೊಳಗಿಂದ ಮರಳು ಉದುರುತ್ತಲೇ ಇತ್ತು,
ಅದರ ಜೊತೆ ಒಂದು ಚಿಪ್ಪು ಪಾದದ ಹತ್ತಿರ ಬಿತ್ತು,
ಅಮ್ಮ ಸುಣ್ಣದ ಗೂಡಿಗೆ ಹೆಕ್ಕುತ್ತಿದ್ದಳಲ್ಲ, ಅಂಥದೇ.

ಮನೆಯ ಮುದುಕಿ ಹೊರಬಂದಳು. ಬೈಯಲಿಲ್ಲ, ಅದೇ ಕಷ್ಟ.
ಯಂತ್ರದ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು.
ಖರ್ಜೂರದ ಬುಡಕ್ಕೆ ನೀರುಣಿಸುವ ಹಸಿರು ಪೈಪು ತಂದು
ಅದರ ಬಾಯಿಗೆ ತನ್ನ ಹೆಬ್ಬೆರಳು ಅರ್ಧ ಅಡ್ಡ ಹಿಡಿದು
ತೋರಿಸಿದಳು: ಹೀಗೆ.
ನಾನು ಹಿಡಿದೆ. ತಲೆಯಾಡಿಸಿದಳು, ಅಲ್ಲ, ಇನ್ನೂ ಕಡಿಮೆ.
ಶ್ವೈ, ಶ್ವೈ.
ಮೆಲ್ಲಗೆ ಎನ್ನುವುದಕ್ಕೆ
ಯಾವ ಭಾಷೆಯಲ್ಲೂ ಎರಡು ಸಲ ಹೇಳಬೇಕೇನೋ.

ಸಂಜೆವರೆಗೆ ಒಂದೇ ಗೋಡೆ. ಬೆರಳು ಮರಗಟ್ಟಿತು.
ವಾಪಸು ಬಂದು ರಿಜಿಸ್ಟರು ತೆರೆದರೆ
ಯಂತ್ರ ಸಂಖ್ಯೆ ಎಂಬ ಖಾಲಿ ಜಾಗ.
ಏನು ಬರೆಯಲಿ? ಹೆಬ್ಬೆಟ್ಟು ಎಂದು ಬರೆದೆ.
ಕುಂಬಳೆಯ ಫೋರ್‌ಮನ್ ಅಂದುಂಞಿ,
ಕನ್ನಡ ಶಾಲೆಯಲ್ಲಿ ಕಲಿತವನು,
ಕನ್ನಡಕ ಏರಿಸಿ ಓದಿ ಓದಿ ನಕ್ಕ:
ಅಲ್ಲವೋ, ಇಷ್ಟು ಚಂದ ಅಕ್ಷರ ಬರುತ್ತದೆ ನಿನಗೆ,
ಹೆಬ್ಬೆಟ್ಟು ಯಾಕೆ?
ಅವನಿಗೆ ಹೇಳಿ ಮುಗಿಸುವಷ್ಟರಲ್ಲಿ
ಮೆಸ್ಸಿನ ಅನ್ನ ತಣಿದಿತ್ತು.

ಸರಿ, ಹೊರಡು. ಇವತ್ತು ಮನಾಮದಲ್ಲಿ ಪಾರ್ಕಿಂಗು,
ಸಿಮೆಂಟು ನೆಲ, ಟಯರಿನ ಕಪ್ಪು, ನಡುನಡುವೆ ಆಯಿಲು.
ಯಾವುದು ಒಯ್ಯುತ್ತೀ?
ಈಗಲೇ ಹೇಳಬೇಡ.
ವ್ಯಾನಿನಲ್ಲಿ ಹೋಗಿ ನೆಲಕ್ಕೊಮ್ಮೆ ಅಂಗೈ ಇಟ್ಟು ಬಾ.
ಬೇಗ ಹೋಗು. ಎಂಟರ ಮೇಲೆ ಸುಡುತ್ತದೆ.